ಬಾಣಂತಿ ಕೋಣೆಯ ದಿಗಿಲು

ಹೆರಿಗೆಯಾದ ಮೂರನೇ ದಿನ ಒಬ್ಬ ಹೆಣ್ಣುಮಗಳ ಮೈಯಲ್ಲೂ ಮನೆಯಲ್ಲೂ ಏನೆಲ್ಲ ಒಟ್ಟಿಗೇ ನಡೆಯುತ್ತದೆ ನೋಡಿ. ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಾಗಿದ್ದರೆ ಆ ಹೊತ್ತಿಗೆ ಅವಳು ಕೂಸನ್ನು ಎತ್ತಿಕೊಂಡು ತವರಿನ ಹಾದಿ ಹಿಡಿದಿರುತ್ತಾಳೆ. ಹೊಲಿಗೆ ಇನ್ನೂ ಹಸಿಯಾಗಿರುತ್ತದೆ. ಎದೆ ಬಿಗಿದು ಭಾರವಾಗುವುದು ಹೆಚ್ಚುಕಡಿಮೆ ಆ ದಿನವೇ. ಯಾಕೆಂದು ಹೇಳಲಾಗದ ಅಳು ನುಗ್ಗಿ ಬರುವುದೂ ಆಗಲೇ. ಗಂಡನ ಮನೆಯವರು ಕೂಸು ನೋಡಲು ಬರುತ್ತಾರೆ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಇಣುಕುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ ಮಾತು: ‘ಹಾಲ ಬಂದಾವೇನವಾ?’

ಕೇಳುವವರಿಗೆ ಅದು ಯೋಗಕ್ಷೇಮದ ಮಾತು. ಚೊಚ್ಚಲ ಬಾಣಂತಿಗೆ ಮಾತ್ರ ಅದು ಪರೀಕ್ಷೆಯ ಪ್ರಶ್ನೆಯಂತೆ ಕೇಳಿಸುತ್ತದೆ. ಬಂದಿವೆ ಎನ್ನಲು ಅವಳಿಗೆ ಕಣ್ಣಿಗೆ ಕಾಣುವ ಗುರುತಿಲ್ಲ. ಬಂದಿಲ್ಲ ಎಂದರೆ ತಾನು ತಾಯಿಯೇ ಅಲ್ಲವೇನೋ ಎಂಬ ಅಳುಕು. ಸಂಜೆ ಕೂಸು ಒಂದೇ ಸಮನೆ ಅತ್ತರೆ ಪಡಸಾಲೆಯಿಂದ ಮಾತು ಕೇಳಿಬರುತ್ತದೆ: ‘ಎದ್ಯಾಗ ಹಾಲಿಲ್ಲ ಕಾಣ್ತೈತಿ. ಹಸದ ಅಳಾಕತ್ತೈತಿ.’ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ, ಇದು ಮೊದಲಿನದಕ್ಕಿಂತ ಕ್ರೂರವಾದದ್ದು: ‘ಬರೇ ಚಿಂತಿ ಮಾಡಿ ಮಾಡಿ ಹಾಲ ಬತ್ತಿಸ್ಕೊಂಡಾಳ ನೋಡ್ರಿ.’

ತಾಯಿಯ ಚಿಂತೆಗೂ ಎದೆಹಾಲಿಗೂ ನಂಟಿದೆಯೇ? ಇದೆ. ವಿಜ್ಞಾನ ಅದನ್ನು ಎಂಬತ್ತು ವರ್ಷಗಳಿಂದ ಅಳೆಯುತ್ತ ಬಂದಿದೆ. ಆದರೆ ಅದು ಪಡಸಾಲೆಯಲ್ಲಿ ಹೇಳುವಂಥ ನಂಟಲ್ಲ. ಚಿಂತೆ ಹಾಲನ್ನು ಬತ್ತಿಸುವುದಕ್ಕಿಂತ ಹೆಚ್ಚಾಗಿ ಇಳಿಯದಂತೆ ತಡೆಯುತ್ತದೆ. ಇನ್ನು ಆ ಚಿಂತೆಯನ್ನು ಹುಟ್ಟಿಸಿ ಸಾಕುವವರು ಬಹಳ ಸಲ ಅವಳನ್ನು ನೋಡಲು ಬಂದ ನಾವೇ.

ಮೊದಲು ಮೈಯೊಳಗಿನ ಕೆಲಸವನ್ನು ತಿಳಿಯೋಣ. ಬಸಿರಿನಲ್ಲೇ ಎದೆ ಹಾಲಿಗೆ ಸಿದ್ಧವಾಗಿರುತ್ತದೆ. ಕಸವಿರುವ ತನಕ ಪ್ರೊಜೆಸ್ಟಿರಾನ್ ಎಂಬ ಹಾರ್ಮೋನು ಅದನ್ನು ತಡೆದಿಟ್ಟಿರುತ್ತದೆ. ಹೆರಿಗೆಯಾಗಿ ಕಸ ಬಿದ್ದ ಕೂಡಲೇ ಆ ಹಾರ್ಮೋನಿನ ಮಟ್ಟ ಇಳಿಯುತ್ತದೆ, ಎರಡು ಮೂರು ದಿನಗಳಲ್ಲಿ ಹಾಲು ತುಂಬಿಕೊಳ್ಳುತ್ತದೆ. ಅಲ್ಲಿಯವರೆಗೆ ಬರುವುದು ಹಳದಿ ಬಣ್ಣದ ಮಂದವಾದ ಗಿಣ್ಣುಹಾಲು. ಮೊದಲ ದಿನ ಅದರ ಪ್ರಮಾಣ ಚಮಚದ ಲೆಕ್ಕದಲ್ಲಿರುತ್ತದೆ, ಕೂಸಿನ ಹೊಟ್ಟೆಗೆ ಬೇಕಾಗಿರುವುದೂ ಅಷ್ಟೇ. ಲೋಟ ತುಂಬದ್ದನ್ನು ಕಂಡು ಹಾಲಿಲ್ಲವೆಂದು ತೀರ್ಮಾನಿಸುವುದು, ಜೇನುತುಪ್ಪ ನೆಕ್ಕಿಸುವುದು, ಬಜೆ ತೇಯುವುದು, ಸಕ್ಕರೆ ನೀರು ಹಾಕುವುದು ಶುರುವಾಗುವುದು ಇಲ್ಲಿಂದಲೇ.

ಹಾಲು ತುಂಬಿದ ಮೇಲೆ ಎರಡು ಕೆಲಸಗಳು ಬೇರೆಬೇರೆಯಾಗಿ ನಡೆಯಬೇಕು. ಒಂದು, ಹಾಲು ತಯಾರಾಗುವುದು. ಇದನ್ನು ಪ್ರೊಲ್ಯಾಕ್ಟಿನ್ ನೋಡಿಕೊಳ್ಳುತ್ತದೆ. ಕೂಸು ಚೀಪಿದಷ್ಟೂ, ರಾತ್ರಿ ಹೊತ್ತಂತೂ ಇನ್ನೂ ಹೆಚ್ಚಾಗಿ, ಅದು ಸುರಿಯುತ್ತದೆ. ಇನ್ನೊಂದು, ತಯಾರಾದ ಹಾಲು ಕೆಳಗಿಳಿಯುವುದು. ಇದು ಆಕ್ಸಿಟೋಸಿನ್‌ನ ಕೆಲಸ. ಹಾಲಿನ ಸಣ್ಣ ಸಣ್ಣ ಚೀಲಗಳನ್ನು ಸುತ್ತುವರಿದ ಸ್ನಾಯುಗಳನ್ನು ಅದು ಹಿಂಡುತ್ತದೆ. ಆಗ ಎದೆಯಲ್ಲಿ ಜುಮ್ಮೆನ್ನುತ್ತದೆ. ಒಂದು ಕಡೆ ಕುಡಿಯುತ್ತಿರುವಾಗ ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಕಿಬ್ಬೊಟ್ಟೆ ಹಿಂಡಿದಂತಾಗುತ್ತದೆ, ಬಾಯಾರುತ್ತದೆ. ಕೂಸು ಬಾಯಿ ಹಚ್ಚುವ ಮೊದಲೇ, ಅದರ ಅಳು ಕೇಳಿದ ಕೂಡಲೇ ಕೆಲವು ತಾಯಂದಿರಲ್ಲಿ ಆಕ್ಸಿಟೋಸಿನ್ ಏರುವುದನ್ನು 1983ರಲ್ಲೇ ರಕ್ತಪರೀಕ್ಷೆಯಿಂದ ತೋರಿಸಲಾಗಿದೆ. ಮನಸ್ಸಿನ ಮಾತನ್ನು ಇಷ್ಟು ಬೇಗ ಕೇಳುವ ಹಾರ್ಮೋನು ಹೆದರಿಕೆಯ ಮಾತನ್ನೂ ಅಷ್ಟೇ ಬೇಗ ಕೇಳುತ್ತದೆ.

ಇದನ್ನು ಹಾವೇರಿ ಜಿಲ್ಲೆಯ ಯಾವ ರೈತ ಹೆಂಗಸಿಗೂ ಬಿಡಿಸಿ ಹೇಳಬೇಕಾಗಿಲ್ಲ. ದಿನಾ ಹಿಂಡುವವಳು ಊರಿಗೆ ಹೋಗಿ ಬೇರೆಯವರು ಕೆಚ್ಚಲಿಗೆ ಕೈ ಹಾಕಿದರೆ ಎಮ್ಮೆ ಹಾಲು ಏರಿಸಿಕೊಂಡು ನಿಲ್ಲುತ್ತದೆ. ಹಾಲು ಕೆಚ್ಚಲಲ್ಲೇ ಇದೆ, ಬಿಡುವುದಿಲ್ಲ ಅಷ್ಟೆ. ಆಗ ಯಾರೂ ಎಮ್ಮೆಯನ್ನು ಬೈಯುವುದಿಲ್ಲ. ಕರುವನ್ನು ಬಿಡುತ್ತಾರೆ, ಮೈದಡವುತ್ತಾರೆ, ಹಿಂಡಿ ಇಡುತ್ತಾರೆ, ನಾಯಿಯನ್ನು ದೂರ ಓಡಿಸುತ್ತಾರೆ. 1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು ಇದೇ ಸಂಗತಿಯನ್ನು ಪ್ರಯೋಗ ಮಾಡಿ ನೋಡಿದರು. ಹಸುವಿನ ಬೆನ್ನ ಮೇಲೆ ಬೆಕ್ಕು ಕೂರಿಸಿದರು, ಹತ್ತಿರದಲ್ಲೇ ಕಾಗದದ ಚೀಲಗಳನ್ನು ಊದಿ ಒಡೆದರು. ಬೆಚ್ಚಿದ ಹಸು ಹಾಲು ಬಿಡಲಿಲ್ಲ. ಹೆದರಿದಾಗ ಮೈಯಲ್ಲಿ ಹರಿಯುವ ಅಡ್ರಿನಲಿನ್ ಹಾಲಿಳಿಯುವುದನ್ನು ತಡೆಯುತ್ತದೆಂದು ಅವರು ಕಂಡುಕೊಂಡರು.

ಏಳು ವರ್ಷಗಳ ನಂತರ, 1948ರಲ್ಲಿ, ಮೈಕಲ್ ನ್ಯೂಟನ್ ಮತ್ತು ನೈಲ್ಸ್ ನ್ಯೂಟನ್ ದಂಪತಿ ಅದನ್ನೇ ಮನುಷ್ಯರಲ್ಲಿ ನೋಡಿದರು. ಮೊಲೆಯೂಡಿಸುವ ತಾಯಿಯ ಪಾದಗಳನ್ನು ಮಂಜಿನ ನೀರಿನಲ್ಲಿ ಇರಿಸಿದರು, ಕಾಲ್ಬೆರಳನ್ನು ನೋವಾಗುವಂತೆ ಎಳೆದರು, ಬಿಡುವು ಕೊಡದೆ ಲೆಕ್ಕ ಕೇಳಿದರು. ಅಂಥ ದಿನಗಳಲ್ಲಿ ಕೂಸಿಗೆ ಸಿಕ್ಕ ಹಾಲು ಎದ್ದು ಕಾಣುವಷ್ಟು ಕಡಿಮೆಯಾಯಿತು. ಅದೇ ಕಾಟದ ನಡುವೆ ತಾಯಿಗೆ ಆಕ್ಸಿಟೋಸಿನ್ ಚುಚ್ಚಿದರೆ ಹಾಲು ಬಹುಪಾಲು ಮೊದಲಿನಂತೆ ಇಳಿಯಿತು. ಎದೆಯಲ್ಲಿ ಹಾಲು ಇದ್ದೇ ಇತ್ತು, ಇಳಿಯುವ ದಾರಿ ಮಾತ್ರ ಮುಚ್ಚಿತ್ತು ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. 1994ರಲ್ಲಿ ಜಪಾನಿನ ವೈದ್ಯರು ಹಾಲೂಡಿಸುತ್ತಿದ್ದ ತಾಯಂದಿರಿಗೆ ಮನಸ್ಸಿನಲ್ಲೇ ಲೆಕ್ಕ ಮಾಡಿಸಿ, ಗದ್ದಲ ಕೇಳಿಸಿ ರಕ್ತ ಪರೀಕ್ಷಿಸಿದರು. ಆಕ್ಸಿಟೋಸಿನ್‌ನ ಮಿಡಿತಗಳು ಕಡಿಮೆಯಾಗಿದ್ದವು. ಪ್ರೊಲ್ಯಾಕ್ಟಿನ್‌ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಗದ್ದಲ, ಒಂದರ ಮೇಲೊಂದು ಪ್ರಶ್ನೆ, ನೋವು. ಪ್ರಯೋಗಶಾಲೆಯಲ್ಲಿ ಕಷ್ಟಪಟ್ಟು ಹೊಂದಿಸಿದ ಈ ಮೂರೂ ನಮ್ಮ ಬಾಣಂತಿಗೆ ಪುಕ್ಕಟೆಯಾಗಿ ಸಿಗುತ್ತವೆ. ನನಗೆ ಸಿಟ್ಟು ಬರುವುದು ಇಲ್ಲಿ. ಎಮ್ಮೆಗೆ ತೋರುವ ತಿಳಿವಳಿಕೆಯನ್ನು ನಾವು ಮನೆಮಗಳಿಗೆ ತೋರುವುದಿಲ್ಲ.

ಹಾಲು ತುಂಬಿಕೊಳ್ಳುವುದೇ ತಡವಾಗುವ ಪ್ರಸಂಗಗಳೂ ಇವೆ. ಚೊಚ್ಚಲ ಹೆರಿಗೆ, ತಾಸುಗಟ್ಟಲೆ ಎಳೆದ ನೋವು, ಕೊನೆ ಗಳಿಗೆಯ ಸಿಸೇರಿಯನ್, ಸಕ್ಕರೆ ಕಾಯಿಲೆ, ಹೆಚ್ಚು ತೂಕ, ಇವುಗಳಿದ್ದವರಲ್ಲಿ ಹಾಲು ಎದೆಗೆ ಬರುವುದು 72 ತಾಸುಗಳನ್ನು ದಾಟಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ನೂರಕ್ಕೆ 31ಕ್ಕೂ ಹೆಚ್ಚು ಸಿಸೇರಿಯನ್. ತಾಯಿಯ ಜೀವಕ್ಕೆ ಆಸ್ಪತ್ರೆ ಭದ್ರತೆ ಕೊಟ್ಟಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಟ್ಟಿದ ತಾಸಿನೊಳಗೆ ಮೊಲೆ ಹಿಡಿಸಬೇಕೆಂಬ ಮಾತು ದೇಶದಲ್ಲಿ ಪಾಲನೆಯಾಗಿರುವುದು ನೂರಕ್ಕೆ ಸುಮಾರು 42 ಕೂಸುಗಳ ವಿಷಯದಲ್ಲಿ ಮಾತ್ರ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಆಪರೇಷನ್ ಆದವಳಿಗೆ ಹೊರಳಲೂ ಆಗುವುದಿಲ್ಲ. ಪಕ್ಕದಲ್ಲಿ ಹಿಡಿದು ಕೊಡುವ ಕೈ ಬೇಕು. ಆ ಕೈ ಸಿಗದೆ ಮೊದಲ ದಿನ ಕಳೆದರೆ, ಎರಡನೇ ದಿನಕ್ಕೆ ಯಾರೋ ಮೆಡಿಕಲ್ ಶಾಪಿಗೆ ಹೋಗಿ ಡಬ್ಬಿ ತಂದಿರುತ್ತಾರೆ.

ಡಬ್ಬಿ ಬಂದ ಮೇಲೆ ನಡೆಯುವುದೇ ನಿಜವಾದ ಬತ್ತುವಿಕೆ. ಬಾಟಲಿ ಹಾಲು ಕುಡಿದ ಕೂಸು ಮೂರು ತಾಸು ಮಲಗುತ್ತದೆ. ಎದೆ ತುಂಬಿಕೊಂಡೇ ಉಳಿಯುತ್ತದೆ. ತುಂಬಿದ ಎದೆಯಲ್ಲಿ, ಇನ್ನು ಹಾಲು ಸಾಕು ಎನ್ನುವ ಸಂದೇಶ ಅಲ್ಲೇ ಹುಟ್ಟುತ್ತದೆ, ತಯಾರಿಕೆ ನಿಧಾನವಾಗುತ್ತದೆ. ಮಾರನೇ ದಿನ ನಿಜಕ್ಕೂ ಹಾಲು ಕಡಿಮೆ. ‘ನೋಡಿದ್ರೆ? ನಾ ಹೇಳಿರಲಿಲ್ಲೇನು?’ ಎಂದು ಪಡಸಾಲೆ ಗೆಲ್ಲುತ್ತದೆ. ಹಾಲಿದ್ದ ತಾಯಿಯನ್ನು ಹಾಲಿಲ್ಲದವಳನ್ನಾಗಿ ಮಾಡಿದ್ದು ಒಂದು ಅನುಮಾನ. ಚಿಂತೆಯಿಂದ ಹಾಲು ಕಡಿಮೆಯಾಗುವ ಪ್ರಕರಣಗಳಲ್ಲಿ ದೊಡ್ಡ ಪಾಲು ಈ ದಾರಿಯದೇ ಎಂದು ನಾನು ನಂಬಿದ್ದೇನೆ. ಹಾರ್ಮೋನಿನ ಏರಿಳಿತ ಒಂದೆರಡು ತಾಸಿನದು, ತಾಯಿ ಸಮಾಧಾನಗೊಂಡರೆ ಮುಂದಿನ ಸಲ ಹಾಲು ಇಳಿಯುತ್ತದೆ. ಬಾಟಲಿಯ ದಾರಿಯಿಂದ ಹಿಂದೆ ಬರುವುದು ಅಷ್ಟು ಸುಲಭವಲ್ಲ. ಎದೆಹಾಲಿಗೆ ಬದಲಿಯಾದ ಆಹಾರ ಮತ್ತು ಬಾಟಲಿಗಳ ಜಾಹೀರಾತನ್ನು 1992ರ ಕಾಯ್ದೆ ನಿಷೇಧಿಸಿದೆ. ಆದರೆ ಮನೆಯೊಳಗಿನ ಅನುಮಾನವೇ ಜಾಹೀರಾತಿನ ಕೆಲಸ ಮಾಡುವಾಗ ಕಾಯ್ದೆ ಏನು ಮಾಡೀತು?

ಹಾಗಾದರೆ ಹಾಲು ಸಾಲುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅಳುವಿನಿಂದಲ್ಲ. ಕೂಸು ಸೆಕೆಗೆ ಅಳುತ್ತದೆ, ಒದ್ದೆಗೆ ಅಳುತ್ತದೆ, ಎತ್ತಿಕೊಳ್ಳಲಿ ಎಂದು ಅಳುತ್ತದೆ, ಸಂಜೆ ಹೊತ್ತು ಏನೂ ಕಾರಣವಿಲ್ಲದೆ ಅಳುತ್ತದೆ. ಎದೆ ಮೆತ್ತಗಾಗಿದೆ ಎಂಬುದರಿಂದಲೂ ಅಲ್ಲ. ಕೆಲವು ವಾರಗಳಲ್ಲಿ ಎದೆ ಮೆತ್ತಗಾಗುವುದು ಸಹಜ. ಹಿಂಡಿ ನೋಡುವುದರಿಂದಂತೂ ಅಲ್ಲವೇ ಅಲ್ಲ, ಕೂಸಿನ ಬಾಯಿ ತೆಗೆಯುವಷ್ಟನ್ನು ಕೈ ತೆಗೆಯಲಾರದು. ನೋಡಬೇಕಾದದ್ದು ಉಚ್ಚೆ ಮತ್ತು ತೂಕ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ತಿಳಿಬಣ್ಣದ ಉಚ್ಚೆ ಹೊಯ್ಯುತ್ತಿದ್ದರೆ ಕೂಸಿಗೆ ಹಾಲು ಹೋಗುತ್ತಿದೆ ಎಂದು ಅರ್ಥ. ಮೊದಲ ದಿನಗಳಲ್ಲಿ ಹುಟ್ಟುತೂಕದ ನೂರಕ್ಕೆ ಹತ್ತರವರೆಗೂ ಇಳಿಯಬಹುದು. ಎರಡು ವಾರದ ಹೊತ್ತಿಗೆ ಅದು ಮರಳಿ ಬರಬೇಕು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಅಂಗನವಾಡಿಯ ತಕ್ಕಡಿ ಹೇಳುವ ಈ ಮಾತಿಗೆ ಯಾವ ಹಿರಿಯರ ಕಣ್ಣಂದಾಜೂ ಸಮನಲ್ಲ. ಬಾಣಂತಿಗೆ ಈ ಒಂದು ಅಳತೆಯನ್ನು ಮೊದಲೇ ತಿಳಿಸಿಕೊಟ್ಟರೆ ಅರ್ಧ ದಿಗಿಲು ಅಲ್ಲೇ ಇಳಿಯುತ್ತದೆ.

ಉಳಿದರ್ಧಕ್ಕೆ ಮನೆಯ ಹೊರಗೂ ಬೇರುಗಳಿವೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನೇ ನೋಡಿ. ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅದರ ಬಣ್ಣಕ್ಕೆ ಜಗತ್ತಿನಲ್ಲೆಲ್ಲ ಬೇಡಿಕೆ. 2024ರ ಮಾರ್ಚ್ 11ರಂದು ದರ ಬಿತ್ತೆಂದು ರೊಚ್ಚಿಗೆದ್ದ ರೈತರು ಅದೇ ಮಾರುಕಟ್ಟೆಯ ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದರು. ಸುದ್ದಿಯಾದದ್ದು ಬೆಂಕಿ. ದರ ಬಿದ್ದ ರಾತ್ರಿ ಆ ರೈತರ ಮನೆಗಳಲ್ಲಿ ಸಾಲದ ಲೆಕ್ಕದ ಮಾತು ಎಷ್ಟು ಹೊತ್ತು ನಡೆದಿರಬಹುದು, ಗೋಡೆಯಾಚೆ ಕೂಸಿಗೆ ಎದೆ ಕೊಟ್ಟು ಕೂತವಳು ಅದನ್ನು ಹೇಗೆ ಕೇಳಿಸಿಕೊಂಡಿರಬಹುದು ಎನ್ನುವುದು ಸುದ್ದಿಯಾಗುವುದಿಲ್ಲ. ಕುಬಸಕ್ಕೆ ಮಾಡಿದ ಖರ್ಚು, ಆಸ್ಪತ್ರೆಯ ಬಿಲ್ಲು, ತೊಟ್ಟಿಲ ಕಾರ್ಯಕ್ಕೆ ಬೀಗರಿಗೆ ಕೊಡಬೇಕಾದ ಉಡುಗೊರೆ, ಎಲ್ಲ ತನ್ನಿಂದಲೇ ಎಂದು ತವರಿನಲ್ಲಿರುವ ಮಗಳಿಗೆ ಅನ್ನಿಸದೆ ಇರುವುದಿಲ್ಲ.

ಕೂಲಿಯ ಚಿಂತೆ ಬೇರೆ. ರಾಣೆಬೆನ್ನೂರು ಸೀಮೆ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದದ್ದು. ಹೂವಿನ ಮೊಗ್ಗು ಬಿಡಿಸಿ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ ಹೆಚ್ಚಾಗಿ ಹೆಂಗಸರ ಬೆರಳುಗಳದು. ಹೂವು ಯಾರಿಗೂ ಕಾಯುವುದಿಲ್ಲ, ಹಂಗಾಮಿನಲ್ಲಿ ದಿನ ತಪ್ಪಿದರೆ ಕೂಲಿಯೂ ತಪ್ಪಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರದೂ ತೂಕದ ಲೆಕ್ಕದ ಬದುಕು. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ ಎಂದು ಕಾನೂನು ಹೇಳುತ್ತದೆ. ಆ ರಜೆ ಸಿಗುವುದು ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೆ. ಕೂಲಿ ಹೆಂಗಸಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿ ಬರಬಹುದು, ಅದೂ ಕಂತಿನಲ್ಲಿ. ಕೂಸನ್ನು ಅಜ್ಜಿಯ ಮಡಿಲಲ್ಲಿ ಬಿಟ್ಟು ಬೆಳಗ್ಗೆ ಹೋದವಳ ಎದೆ ಮಧ್ಯಾಹ್ನದ ಹೊತ್ತಿಗೆ ಕಟ್ಟಿ ನೋಯುತ್ತದೆ, ಕುಪ್ಪಸ ಒದ್ದೆಯಾಗುತ್ತದೆ. ಹೊಲದ ಬದುವಿನಲ್ಲಿ ಹಿಂಡಿ ಚೆಲ್ಲಲು ಮರೆಯಿಲ್ಲ. ಇವಳ ಹಾಲು ಕಡಿಮೆಯಾದರೆ ಅದನ್ನು ಚಿಂತೆಯ ಲೆಕ್ಕಕ್ಕೆ ಬರೆಯುವುದು ತಪ್ಪು. ಅದು ಎಂಟು ತಾಸಿನ ಅಗಲಿಕೆಯ ಲೆಕ್ಕ.

ಹೆಣ್ಣು ಕೂಸು ಹುಟ್ಟಿದ ಮನೆಯ ಮೌನದ ಬಗ್ಗೆಯೂ ಹೇಳಬೇಕು. ನಮ್ಮ ನೆರೆಯ ಗೋವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ನೂರಕ್ಕೆ 23 ತಾಯಂದಿರು ಖಿನ್ನತೆಯಲ್ಲಿದ್ದರು. ಬಡತನ, ಗಂಡನ ಹೊಡೆತ, ಅದರ ಜೊತೆಗೆ ಹುಟ್ಟಿದ್ದು ಹೆಣ್ಣು ಎಂಬ ಕಾರಣ ಅಲ್ಲಿ ಎದ್ದು ಕಂಡವು. ಅದೇ ತಂಡ ಮರುವರ್ಷ ಪ್ರಕಟಿಸಿದ ಇನ್ನೊಂದು ವರದಿ, ಖಿನ್ನರಾಗಿದ್ದ ತಾಯಂದಿರ ಕೂಸುಗಳು ಆರು ತಿಂಗಳಲ್ಲಿ ತೂಕದಲ್ಲಿ ಹಿಂದೆ ಬೀಳುವುದು ಹೆಚ್ಚು ಎಂದಿತು. ದೇಶದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಿಯತಕಾಲಿಕದಲ್ಲಿ ಬಂದ ಲೆಕ್ಕವೂ ನೂರಕ್ಕೆ 22ರ ಆಸುಪಾಸಿನಲ್ಲೇ ಇದೆ. ಅಂದರೆ ಒಂದು ಓಣಿಯಲ್ಲಿ ಐದು ತೊಟ್ಟಿಲಿದ್ದರೆ ಅದರಲ್ಲೊಂದನ್ನು ತೂಗುವ ಕೈ ಈ ಕತ್ತಲಲ್ಲಿದೆ.

ಎಲ್ಲಕ್ಕಿಂತ ಗಟ್ಟಿಯಾದ ದಿಗಿಲು ಕೂಸು ಕೈಯಲ್ಲಿಲ್ಲದವಳದು. ದಿನ ತುಂಬದೆ ಹುಟ್ಟಿದ ಅಥವಾ ಉಸಿರಾಟ ಸರಿಯಿಲ್ಲದ ಕೂಸನ್ನು ರಾಣೆಬೆನ್ನೂರಿನಿಂದ ಹಾವೇರಿಗೋ ದಾವಣಗೆರೆಗೋ ಹುಬ್ಬಳ್ಳಿಗೋ ಸಾಗಿಸುತ್ತಾರೆ. ತಂದೆಯೋ ಮಾವನೋ ಆಂಬುಲೆನ್ಸ್ ಹತ್ತುತ್ತಾರೆ. ತಾಯಿ ಹೊಲಿಗೆ ಹಾಕಿಸಿಕೊಂಡು ಇಲ್ಲೇ ಮಲಗಿರುತ್ತಾಳೆ. ಕೂಸಿಗೆ ಆ ಹೊತ್ತಿನಲ್ಲಿ ಅತಿ ಬೇಕಾದದ್ದು ಅವಳ ಗಿಣ್ಣುಹಾಲು, ಆದರೆ ಚೀಪುವ ಬಾಯಿ ಐವತ್ತು, ನೂರು ಕಿಲೋಮೀಟರ್ ಆಚೆ. ಇಂಥ ತಾಯಂದಿರ ಮೇಲೆ ನಡೆದ ಒಂದು ಸರಳ ಪ್ರಯೋಗ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. 1989ರಲ್ಲಿ ಅಮೆರಿಕದಲ್ಲಿ, ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ತಾಯಂದಿರಿಗೆ ಮೈಮನ ಸಡಿಲಿಸುವ ಮಾತುಗಳಿದ್ದ ಒಂದು ಕ್ಯಾಸೆಟ್ ಕೊಟ್ಟರು. ಒಂದು ವಾರದ ಹೊತ್ತಿಗೆ ಅವರು ಹಿಂಡಿದ ಹಾಲು ಕ್ಯಾಸೆಟ್ ಕೇಳದವರಿಗಿಂತ ನೂರಕ್ಕೆ 63ರಷ್ಟು ಹೆಚ್ಚಿತ್ತು. ಔಷಧಿ ಇಲ್ಲ, ಯಂತ್ರ ಇಲ್ಲ, ಸಮಾಧಾನದ ಧ್ವನಿ ಮಾತ್ರ. 2019ರಲ್ಲಿ ಮಲೇಷ್ಯಾದಲ್ಲಿ ಆರೋಗ್ಯವಂತ ಕೂಸುಗಳ ತಾಯಂದಿರಿಗೆ ಇದೇ ಬಗೆಯ ಧ್ವನಿಮುದ್ರಿಕೆ ಕೊಟ್ಟು ನೋಡಿದಾಗ ತಾಯಂದಿರ ಒತ್ತಡ ಇಳಿಯಿತು, ಕೂಸುಗಳ ತೂಕ ಹೆಚ್ಚು ಏರಿತು. ಪ್ರತಿಯೊಂದು ಮನೆಯಲ್ಲೂ ಮೊಬೈಲ್ ಇರುವ ಈ ಕಾಲದಲ್ಲಿ ಹಾವೇರಿಯ ಮಾತಿನಲ್ಲೇ, ಒಬ್ಬ ಅಕ್ಕನೋ ಅಜ್ಜಿಯೋ ಹತ್ತಿರ ಕೂತು ಮಾತಾಡಿದಂಥ ಹತ್ತು ನಿಮಿಷದ ಮುದ್ರಣವೊಂದನ್ನು ಮಾಡಿ ಹಂಚಲು ಎಷ್ಟು ಖರ್ಚಾದೀತು?

ಕೂಸನ್ನು ತಾಯಿಯಿಂದ ಬೇರೆ ಮಾಡದೆ ಇರುವುದು ಇನ್ನೂ ಒಳ್ಳೆಯದು. ಬರಿ ಎದೆಯ ಮೇಲೆ ಬರಿ ಮೈಯ ಕೂಸನ್ನು ತಾಸುಗಟ್ಟಲೆ ಇಟ್ಟುಕೊಳ್ಳುವ ಕಾಂಗರೂ ಆರೈಕೆಯನ್ನು ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸರ್ಕಾರದ ಜೊತೆ ಸೇರಿ ಆಸ್ಪತ್ರೆಯಿಂದ ಮನೆಯವರೆಗೂ ಒಯ್ದು ತೋರಿಸಿವೆ. ಕೂಸು ಬೆಚ್ಚಗಿರುತ್ತದೆ, ತಾಯಿಗೆ ಆಕ್ಸಿಟೋಸಿನ್ ಹರಿಯುತ್ತದೆ, ಹಾಲಿಳಿಯುತ್ತದೆ. ಕೊಪ್ಪಳದಲ್ಲಿ ಆದದ್ದು ಹಾವೇರಿಯಲ್ಲೂ ಆಗಬಹುದು. ತಾಯಿಯದೇ ಹಾಲು ಸಿಗದಾಗ ದಾನದ ಹಾಲು ಕೊಡುವ ಬ್ಯಾಂಕನ್ನು ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲೇ ತೆರೆದರು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ‘ಅಮೃತಧಾರೆ’ ಶುರುವಾದದ್ದು 2022ರಲ್ಲಿ. ರಾಣೆಬೆನ್ನೂರಿಗೆ ಅದು ಬಹಳ ದೂರ.

ನಮ್ಮ ಬಾಣಂತನದ ಪದ್ಧತಿಯನ್ನು ಪೂರ್ತಿ ದೂರುವ ಮನಸ್ಸು ನನಗಿಲ್ಲ. ಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ ಹಾಕಿ ಕಟ್ಟಿದ ಅಂಟಿನುಂಡಿ, ಅಳವಿ ಪಾಯಸ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಒಗ್ಗರಣೆಯ ಬಿಸಿ ಸಾರು, ನವಣೆ ಅನ್ನ, ತುಪ್ಪ. ಇವುಗಳಲ್ಲಿ ಯಾವುದು ಹಾಲನ್ನು ಎಷ್ಟು ಹೆಚ್ಚಿಸುತ್ತದೆ ಎಂದು ಅಳೆದು ಹೇಳುವುದು ಕಷ್ಟ. ಆದರೆ ರಕ್ತ ಕಳೆದುಕೊಂಡ ಮೈಗೆ ಕಬ್ಬಿಣ, ಕೊಬ್ಬು, ಶಕ್ತಿ ಬೇಕು, ಅದನ್ನು ಈ ಅಡುಗೆ ಕೊಡುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ: ಹೊರಸಿನ ಮೇಲೆ ಕೂತವಳ ಕೈಗೆ ಬಿಸಿಬಿಸಿ ತಟ್ಟೆ ಬರುತ್ತದೆ, ಅವಳು ಪಾತ್ರೆ ತೊಳೆಯಬೇಕಾಗಿಲ್ಲ. ಎಣ್ಣೆ ಹಚ್ಚಿ, ಸುಡುನೀರು ಹಾಕಿ, ಲೋಬಾನದ ಹೊಗೆಯಲ್ಲಿ ತಲೆ ಒಣಗಿಸಿ ಮಲಗಿಸುವ ಆ ಕ್ರಮ ದಣಿದ ಹೆಣ್ಣಿಗೆ ದಿನಕ್ಕೆರಡು ತಾಸು ಗಾಢ ನಿದ್ದೆ ಕೊಡುತ್ತಿತ್ತು. ಕೆಡುಕಿರುವುದು ಅದಕ್ಕೆ ಅಂಟಿಕೊಂಡ ಪಥ್ಯದಲ್ಲಿ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಬಾಯಾರಿದವಳಿಗೆ ನೀರು ಕೊಡದಿರುವುದು, ಹಣ್ಣು ಕೊಟ್ಟರೆ ಕೂಸಿಗೆ ಶೀತವೆಂದು ತಡೆಯುವುದು, ಗಾಳಿ ಆಡದ ಕೋಣೆಯಲ್ಲಿ ಕೂಡಿಹಾಕುವುದು. ಹಾಲು ಕಡಿಮೆಯಾದರೆ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಅದರಿಂದ ಹಾಲು ಬರುತ್ತದೆಂದು ನಾನು ಹೇಳಲಾರೆ. ತಪ್ಪು ಬಾಣಂತಿಯದಲ್ಲ, ಯಾರದೋ ಕಣ್ಣಿನದು ಎಂದು ಮನೆಯವರೆಲ್ಲ ಅವಳ ಪರವಾಗಿ ನಿಂತಂತಾಗುವುದಂತೂ ನಿಜ, ಆ ಗಳಿಗೆಯಲ್ಲಿ ಅವಳ ಹೆಗಲು ಸಡಿಲವಾಗುವುದನ್ನು ಕಾಣಬಹುದು. ‘ಚಿಂತಿ ಮಾಡಿ ಬತ್ತಿಸ್ಕೊಂಡಾಳ’ ಎನ್ನುವುದು ಇದಕ್ಕೆ ತದ್ವಿರುದ್ಧ, ಇಡೀ ಭಾರವನ್ನು ಅವಳ ತಲೆಗೇ ಹೊರಿಸುವ ಮಾತು.

2017ರ ಅಕ್ಟೋಬರ್ 2ರಂದು ರಾಜ್ಯದೆಲ್ಲೆಡೆ ಶುರುವಾದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಬಡಿಸುವ ಒಳ್ಳೆಯ ಯೋಚನೆ. ಆದರೆ ಹಸಿ ಬಾಣಂತಿ ಹೊಸ್ತಿಲು ದಾಟಬಾರದೆಂಬ ನಾಡಿನಲ್ಲಿ ಅವಳನ್ನೇ ಅಲ್ಲಿಗೆ ಬಾ ಎಂದರೆ ಊಟ ಅತಿ ಬೇಕಾದ ದಿನಗಳಲ್ಲೇ ತಪ್ಪುತ್ತದೆ. ಮನೆ ಬಾಗಿಲಿಗೆ ಹೋಗುವವಳು ಆಶಾ. ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ ಅವಳ ಭೇಟಿ ಇರಬೇಕೆಂದು 2011ರಿಂದ ಜಾರಿಯಲ್ಲಿರುವ ನವಜಾತ ಶಿಶುಗಳ ಗೃಹ ಆರೈಕೆ ಕಾರ್ಯಕ್ರಮ ಹೇಳುತ್ತದೆ. ಅವಳ ಕೈಯ ನಮೂನೆಯಲ್ಲಿ ತಾಯಿಗೆ ಹಾಲು ಬಂದಿಲ್ಲವೇ ಅಥವಾ ಕಡಿಮೆ ಅನ್ನಿಸುತ್ತಿದೆಯೇ ಎಂಬ ಪ್ರಶ್ನೆಯಿದೆ. ‘ಅನ್ನಿಸುತ್ತಿದೆಯೇ’ ಎಂದು ಕೇಳಿದ್ದು ಸೂಕ್ಷ್ಮವಾದದ್ದು, ಅದನ್ನು ಬರೆದವರಿಗೆ ಈ ವಿಷಯ ಗೊತ್ತಿತ್ತು. ತಾಯಿ ಅಸಂಬದ್ಧವಾಗಿ ಮಾತಾಡುತ್ತಾಳೆಯೇ ಎಂಬ ಪ್ರಶ್ನೆಯೂ ಇದೆ. ಆದರೆ ಹೆಚ್ಚಿನ ಬಾಣಂತಿಯರ ಸಂಕಟ ಅಸಂಬದ್ಧ ಮಾತಿನದಲ್ಲ, ಮಾತೇ ಇಲ್ಲದಿರುವುದರದು. ಕೂಸು ಮಲಗಿದಾಗಲೂ ನಿನಗೆ ನಿದ್ದೆ ಬರುವುದಿಲ್ಲವೇ, ಕೂಸನ್ನು ಎತ್ತಿಕೊಳ್ಳಲು ಮನಸ್ಸಾಗುವುದಿಲ್ಲವೇ, ಜೀವ ಬೇಡ ಅನ್ನಿಸುತ್ತದೆಯೇ ಎಂದು ಅತ್ತೆ, ತಾಯಿ ಇಬ್ಬರನ್ನೂ ಕೋಣೆಯಿಂದ ಹೊರಗೆ ಕಳಿಸಿ ಕೇಳಬೇಕು. 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ರೂಪುಗೊಂಡ ಹತ್ತು ಪ್ರಶ್ನೆಗಳ ಎಡಿನ್‌ಬರೋ ಮಾಪಕವನ್ನು ಕನ್ನಡಕ್ಕೆ ತಂದು ನಮ್ಮ ಹಳ್ಳಿಗಳಲ್ಲೇ ಬಳಸಿ ನೋಡಿದ್ದಾರೆ. ಹೊಸದಾಗಿ ಏನನ್ನೂ ಹುಡುಕಬೇಕಾಗಿಲ್ಲ, ಇದ್ದದ್ದನ್ನು ತಾಯಿ ಕಾರ್ಡಿನೊಳಗೆ ಸೇರಿಸಿದರೆ ಸಾಕು.

ಮೊದಲ ಎರಡು ವಾರದ ಅಳು, ಕಿರಿಕಿರಿ, ಆತಂಕ ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಬಂದು ತಾನಾಗಿ ಹೋಗುವಂಥದು. ನಿದ್ದೆ, ಊಟ, ಬೆನ್ನು ಸವರುವ ಕೈ ಅದಕ್ಕೆ ಮದ್ದು. ಎರಡು ವಾರ ದಾಟಿಯೂ ಉಳಿದರೆ ಅದು ಕಾಯಿಲೆ. ಚಿಕಿತ್ಸೆ ಇದೆ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ನಡೆಯುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ತಾಯಿ ಮತ್ತು ಕೂಸನ್ನು ಒಟ್ಟಿಗೇ ದಾಖಲು ಮಾಡಿಕೊಂಡು ನೋಡುವ ವಿಭಾಗವನ್ನು ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲೇ ತೆರೆದಿದೆ. ಗುಳಿಗೆ ತಗೊಂಡರೆ ಹಾಲು ಬಿಡಿಸಬೇಕಾಗುತ್ತದೆ ಎಂಬ ಭಯಕ್ಕೆ ಎಷ್ಟೋ ಹೆಣ್ಣುಮಕ್ಕಳು ಆಸ್ಪತ್ರೆಯತ್ತ ಸುಳಿಯುವುದಿಲ್ಲ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ, ಹಾಲಿಗೆ ತೀರ ಅತ್ಯಲ್ಪ ಪ್ರಮಾಣದಲ್ಲಿ ಇಳಿಯುವ ಔಷಧಿಗಳು ವೈದ್ಯರ ಬಳಿ ಇವೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಹಾಲು ಬರದಿದ್ದುದಕ್ಕೆಲ್ಲ ಮನಸ್ಸೇ ಕಾರಣವೆಂದು ಕೈಬಿಡಬಾರದು. ಕಸದ ಚೂರು ಗರ್ಭಕೋಶದಲ್ಲಿ ಉಳಿದರೆ ಹಾಲು ಬಾರದಿರಬಹುದು. ಥೈರಾಯ್ಡ್ ತೊಂದರೆ, ತೀವ್ರ ರಕ್ತಹೀನತೆಯಲ್ಲಿ ಕಡಿಮೆಯಾಗಬಹುದು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಗೇ ಪೆಟ್ಟು ಬಿದ್ದು ಹಾಲು ಒಂದು ಹನಿಯೂ ಬಾರದಿರಬಹುದು. ಇದಕ್ಕೆ ಶೀಹನ್ ಸಿಂಡ್ರೋಮ್ ಎನ್ನುತ್ತಾರೆ. ಅಂಥವಳು ಮುಂದೆ ಮುಟ್ಟು ನಿಂತು, ಸುಸ್ತಾಗಿ, ವರ್ಷಗಟ್ಟಲೆ ಕಾರಣ ತಿಳಿಯದೆ ಅಲೆಯುತ್ತಾಳೆ. ಹಾಲೇ ಬರಲಿಲ್ಲ ಎಂದು ಅವಳು ಮೊದಲ ವಾರದಲ್ಲಿ ಹೇಳಿದ ಮಾತನ್ನು ಯಾರಾದರೂ ಕಿವಿಗೆ ಹಾಕಿಕೊಂಡಿದ್ದರೆ ಆಗಲೇ ಪತ್ತೆಯಾಗುತ್ತಿತ್ತು. ಕೂಸಿನ ನಾಲಗೆ ಕೆಳಗೆ ಅಂಟಿಕೊಂಡಿದ್ದರೂ, ತಾಯಿಯ ತೊಟ್ಟು ಬಿರಿದಿದ್ದರೂ ಕುಡಿಯುವುದು ಸಾಗುವುದಿಲ್ಲ. ಇವನ್ನೆಲ್ಲ ಬಾಯಿ ತೆರೆಸಿ, ಎದೆ ಮುಟ್ಟಿ ನೋಡಬೇಕು. ‘ಟೆನ್ಶನ್ ತಗೋಬೇಡಮ್ಮ’ ಎಂದು ಹೇಳಿ ಕಳಿಸಿದರೆ ಆಗದು.

ಕೊನೆಗೂ ಕೆಲವು ತಾಯಂದಿರಿಗೆ ಹಾಲು ಸಾಲುವುದಿಲ್ಲ. ಅವರನ್ನು ನಾವು ಏನೆಂದು ಕಾಣುತ್ತೇವೆ? ಬ್ರಿಟನ್ನಿನಲ್ಲಿ ಸುಮಾರು 14,000 ತಾಯಂದಿರ ಮಾಹಿತಿಯನ್ನು ನೋಡಿದ 2015ರ ಒಂದು ಅಧ್ಯಯನದಲ್ಲಿ ಖಿನ್ನತೆಯ ಅಪಾಯ ಹೆಚ್ಚು ಕಂಡದ್ದು ಮೊಲೆಯೂಡಿಸಬೇಕೆಂದು ಆಸೆಪಟ್ಟು ಆಗದೆ ಹೋದವರಲ್ಲಿ. ಎದೆಹಾಲು ಅಮೃತವೆಂದು ಗೋಡೆಯ ಮೇಲೆ ಬರೆದ ಊರಿನಲ್ಲಿ ಅಮೃತ ಕೊಡಲಾಗದವಳು ಎಲ್ಲಿ ಮುಖ ಮುಚ್ಚಿಕೊಳ್ಳಬೇಕು? ಇದ್ದಷ್ಟು ಹಾಲನ್ನು ಮೊದಲು ಕೊಟ್ಟು, ಕಡಿಮೆ ಬಿದ್ದದ್ದನ್ನು ವೈದ್ಯರು ಹೇಳಿದ ಅಳತೆಯಲ್ಲಿ ಕೊಡುವುದನ್ನು ಅವಳಿಗೆ ಗುಟ್ಟಾಗಿ ಅಲ್ಲ, ಗೌರವದಿಂದ ಕಲಿಸಬೇಕು. ಪುಡಿ ಎಷ್ಟು, ನೀರೆಷ್ಟು, ನೀರು ಕುದಿಸಿದ್ದೇ, ಮಿಕ್ಕಿದ್ದನ್ನು ಚೆಲ್ಲಿದಳೇ ಎಂದು ನೋಡಬೇಕು. ಬಾಟಲಿಯ ಬದಲು, ನಮ್ಮ ಅಜ್ಜಿಯರು ಇಟ್ಟುಕೊಂಡಿದ್ದ, ಈಗ ಪಲಾಡೈ ಎಂಬ ಹೆಸರಿನಲ್ಲಿ ನವಜಾತ ಶಿಶುಗಳ ವಾರ್ಡಿನಲ್ಲಿ ಬಳಕೆಯಲ್ಲಿರುವ ಒಳಲೆಯಲ್ಲಿ ಕುಡಿಸುವುದನ್ನು ಅವಳ ಕೈ ಹಿಡಿದು ತೋರಿಸಬೇಕು. ಕುಡಿಸುವಾಗ ಕೂಸನ್ನು ಎದೆಗೆ ಅವಚಿಕೊಳ್ಳಲು ಹಾಲು ಬೇಕಾಗಿಲ್ಲ ಎನ್ನುವುದನ್ನೂ ಆಸ್ಪತ್ರೆ ಬಿಡುವ ಮೊದಲೇ, ಮನೆಯವರೆಲ್ಲ ಕೇಳಿಸಿಕೊಳ್ಳುವಂತೆ, ನರ್ಸ್ ಹೇಳಿ ಕಳಿಸಬೇಕು.